ಹ್ಯಾಟಿ ಮತ್ತು ಅದರ ಮರಿಗಳು: ಚಿಕ್ಕೋಡಿ ಸೀಮೆಯ ಹಿತ್ತಲ ಕೋಳಿಯ ಇತಿಹಾಸ

ಕಬ್ಬೂರ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಭಾಗದ ಹಳ್ಳಿಗಳಲ್ಲಿ ಕೋಳಿಮರಿ ಬೆಳೆಸುವುದು ತಲೆತಲಾಂತರದಿಂದ ಹ್ಯಾಟಿಯ, ಅಂದರೆ ತಾಯಿಕೋಳಿಯ ಕೆಲಸ. ಮನೆಯ ಹೆಣ್ಣುಮಕ್ಕಳು ತತ್ತಿ ಆರಿಸಿ ಹ್ಯಾಟಿಯನ್ನು ಕಾವಿಗೆ ಕೂಡಿಸುತ್ತಿದ್ದರು, ಮರಿ ಹೊರಬಿದ್ದ ಮೇಲೆ ಹಿಡಿ ನುಚ್ಚು ಚೆಲ್ಲುತ್ತಿದ್ದರು, ಹೊತ್ತು ಮುಳುಗಿದಾಗ ಬುಟ್ಟಿ ಡಬ್ಬ ಹಾಕುತ್ತಿದ್ದರು. ಉಳಿದದ್ದನ್ನೆಲ್ಲ ಹ್ಯಾಟಿಯೇ ನೋಡಿಕೊಳ್ಳುತ್ತಿತ್ತು. ಕಾವು ಕೊಡುವುದು, ಮರಿಗಳನ್ನು ಬೆಚ್ಚಗಿಡುವುದು, ತಿನ್ನುವುದನ್ನು ಕಲಿಸುವುದು, ಹದ್ದಿನಿಂದ ಕಾಯುವುದು ಎಲ್ಲವೂ ಒಂದೇ ಜೀವಕ್ಕೆ ಸೇರಿದ ಕೆಲಸಗಳಾಗಿದ್ದವು. ಕಳೆದ ನೂರು ವರ್ಷಗಳಲ್ಲಿ ಈ ಕೆಲಸಗಳು ಒಂದೊಂದಾಗಿ ಅದರ ಕೈಬಿಟ್ಟು ಹೋದವು. ಕಾವು ಯಂತ್ರಕ್ಕೆ ಹೋಯಿತು, ಶಾಖ ವಿದ್ಯುತ್ ಬಲ್ಬಿಗೆ, ಮೇವು ಚೀಲದ ಫೀಡಿಗೆ. ಆದರೂ ಈ ಸೀಮೆಯ ಹಿತ್ತಲುಗಳಲ್ಲಿ ಜವಾರಿ ಹ್ಯಾಟಿ ಇನ್ನೂ ಕಾವಿಗೆ ಕೂಡುತ್ತದೆ. ಅಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟೆಲ್ಲ ಕೆಲಸವನ್ನು ಒಟ್ಟಿಗೆ ಮಾಡುವ ಬೇರೆ ವ್ಯವಸ್ಥೆ ಇದುವರೆಗೆ ಹುಟ್ಟಿಲ್ಲ.

ಊರ ಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. 2020ರಲ್ಲಿ ಪ್ರಕಟವಾದ ವಿಸ್ತಾರವಾದ ವಂಶವಾಹಿ ಅಧ್ಯಯನ ಅದರ ತವರನ್ನು ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್ ಸುತ್ತಲಿನ ನಾಡೆಂದು ಗುರುತಿಸಿತು. 2022ರ ಇನ್ನೊಂದು ಸಂಶೋಧನೆ ಥಾಯ್ಲೆಂಡಿನ ಬಾನ್ ನೋನ್ ವಾಟ್ ಎಂಬಲ್ಲಿ ಸಿಕ್ಕ, ಕ್ರಿ.ಪೂ. 1650ರಿಂದ 1250ರ ನಡುವಿನ ಎಲುಬುಗಳನ್ನು ಸಾಕುಕೋಳಿಯ ಅತ್ಯಂತ ಹಳೆಯ ಖಚಿತ ಕುರುಹೆಂದು ಪರಿಗಣಿಸಿತು. ಭತ್ತ, ನವಣೆಯಂಥ ಧಾನ್ಯ ಬೆಳೆದು ಕೂಡಿಟ್ಟ ಜನರ ಬಳಿಗೆ ಕಾಳಿನಾಸೆಗೆ ಕಾಡುಕೋಳಿ ತಾನಾಗಿ ಬಂದಿತೆಂಬುದು ಆ ಸಂಶೋಧಕರ ವಾದ. ಜೋಳದ ಕಣದ ಸುತ್ತ ಕೋಳಿ ಬೆಳೆಸಿದ ಚಿಕ್ಕೋಡಿ ಸೀಮೆಯ ಮಟ್ಟಿಗೆ ಇದು ನಂಬಲು ಕಷ್ಟವಾದ ಮಾತಲ್ಲ.

ಆ ಕೋಳಿಯ ಮೈಯಲ್ಲಿ ದಕ್ಷಿಣ ಭಾರತದ ಪಾಲೂ ಇದೆ. ಖಾನಾಪುರದ ಭೀಮಗಡ ಸೇರಿದಂತೆ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೂದು ಕಾಡುಕೋಳಿ ಇಂದಿಗೂ ಬದುಕಿದೆ. ಊರ ಕೋಳಿಯ ಹಳದಿ ಕಾಲು ಮತ್ತು ಹಳದಿ ತೊಗಲಿಗೆ ಕಾರಣವಾದ ವಂಶವಾಹಿ ಕೆಂಪು ಕಾಡುಕೋಳಿಯದಲ್ಲ, ಈ ಬೂದು ಕಾಡುಕೋಳಿಯದು ಎಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ತೋರಿಸಿತು. ಜಗತ್ತಿನ ಯಾವ ಮೂಲೆಯ ಹಳದಿ ಕಾಲಿನ ಕೋಳಿಯಾದರೂ ಅದರ ವಂಶದಲ್ಲಿ ಎಲ್ಲೋ ಒಂದು ಕಡೆ ಬೂದು ಕಾಡುಕೋಳಿ ಕೂಡಿಕೊಂಡಿದೆ.

ಕನ್ನಡ ನಾಡಿನ ಹಳೆಯ ಬರಹಗಳಲ್ಲಿ ಕೋಳಿ ಮೂರು ಬೇರೆ ಬೇರೆ ಮುಖಗಳಲ್ಲಿ ಕಾಣುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಮುಗಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ಕೋಳಿ ಕಾಳಗಕ್ಕೂ ಜಾಗವಿದೆ. ಅಲ್ಲಿರುವುದು ಹುಂಜದ ಲೋಕ. ಅದೇ ಶತಮಾನದಲ್ಲಿ ಬಸವಣ್ಣನವರು ವಚನವೊಂದರಲ್ಲಿ, ಕಾಳು ಕಂಡ ಕೋಳಿ ತಾನೊಂದೇ ತಿನ್ನದೆ ತನ್ನವರನ್ನು ಕರೆಯುವ ನಡತೆಯನ್ನು ಶರಣರ ಕಣ್ಣಮುಂದೆ ಇಟ್ಟರು. ಇದು ಹಿತ್ತಲಿನ ಕೋಳಿ. ದಿನಬೆಳಗಾದರೆ ಅಂಗಳದಲ್ಲಿ ಮರಿಗಳನ್ನು ಕರೆಯುವ ಹ್ಯಾಟಿಯನ್ನು ಕಂಡ ಕೇಳುಗರಿದ್ದುದರಿಂದಲೇ ಆ ಹೋಲಿಕೆಗೆ ವಿವರಣೆ ಬೇಕಾಗಲಿಲ್ಲ. ಮೂರನೆಯದು ಜನ್ನನ ಯಶೋಧರ ಚರಿತೆ, 1209ರ ಕೃತಿ. ಜೀವಬಲಿಯ ಬದಲಿಗೆ ಹಿಟ್ಟಿನ ಹುಂಜವನ್ನು ಬಲಿ ಕೊಟ್ಟ ರಾಜ ಮತ್ತು ಅವನ ತಾಯಿ ಆ ಸಂಕಲ್ಪದ ಪಾಪಕ್ಕೆ ಪ್ರಾಣಿಜನ್ಮಗಳನ್ನು ಹಾದು ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಜೈನ ರೈತ ಮನೆತನಗಳು ಹೆಚ್ಚಾಗಿರುವ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಈ ಕತೆಯ ಹಿಂದಿರುವ ಅಹಿಂಸೆಯ ನಂಬಿಕೆ ಪುಸ್ತಕದಲ್ಲೇ ಉಳಿದಿಲ್ಲ, ಯಾವ ಹಿತ್ತಲಲ್ಲಿ ಕೋಳಿ ಇರಬೇಕು, ಯಾವುದರಲ್ಲಿ ಇರಬಾರದು ಎಂಬುದನ್ನೂ ಅದು ತೀರ್ಮಾನಿಸಿದೆ.

ಜೈನರ ಮತ್ತು ಲಿಂಗಾಯತರ ಮನೆಗಳಲ್ಲಿ ಕೋಳಿ ಸಾಕುವ ರೂಢಿ ಇರಲಿಲ್ಲ. ಮರಾಠರು, ಕುರುಬರು, ಬೇಡರು, ಮುಸ್ಲಿಮರು, ದಲಿತ ಕೇರಿಗಳ ಕುಟುಂಬಗಳು ಸಾಕುತ್ತಿದ್ದರು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿ 1884ರಲ್ಲಿ ಹೊರಬಂದ ಮುಂಬಯಿ ಪ್ರಾಂತದ ಗ್ಯಾಸೆಟಿಯರ್‌ನ ಬೆಳಗಾವಿ ಸಂಪುಟ ಜಾತಿಜಾತಿಯ ಊಟದ ಪದ್ಧತಿಯನ್ನು ವಿವರಿಸುವಾಗ ಈ ಗೆರೆಯನ್ನು ಮತ್ತೆ ಮತ್ತೆ ಗುರುತಿಸುತ್ತದೆ. ಕೋಳಿ ಇದ್ದದ್ದು ಹೆಚ್ಚಾಗಿ ಹೊಲ ಕಡಿಮೆ ಇದ್ದವರ ಮನೆಯಲ್ಲಿ. ಎಮ್ಮೆ ಕೊಳ್ಳಲಾಗದವರಿಗೆ ಆಡು, ಆಡಿಗೂ ಶಕ್ತಿ ಸಾಲದವರಿಗೆ ಕೋಳಿ.

ಅದಕ್ಕೂ ಕೈಯಲ್ಲಿ ಕಾಸಿಲ್ಲದಿದ್ದರೆ ಪಾಲಿಗೆ ಸಾಕುವ ದಾರಿಯಿತ್ತು. ಒಬ್ಬರ ಹ್ಯಾಟಿಯನ್ನು ಇನ್ನೊಬ್ಬರು ತಂದು ಕಾವಿಗೆ ಕೂಡಿಸಿ, ಉಳಿದು ಬೆಳೆದ ಮರಿಗಳನ್ನು ಅರ್ಧ ಅರ್ಧ ಹಂಚಿಕೊಳ್ಳುವುದು, ಹ್ಯಾಟಿಯನ್ನು ಒಡೆಯರಿಗೆ ಮರಳಿಸುವುದು. ಹೀಗೆ ಒಂದು ಕಾಸೂ ಇಲ್ಲದೆ ಒಂದು ವರ್ಷದಲ್ಲಿ ಸ್ವಂತ ಹ್ಯಾಟಿ ಮಾಡಿಕೊಳ್ಳಬಹುದಿತ್ತು. ಕೋಳಿ ಮಾರಿದ ದುಡ್ಡು ಹೆಂಗಸರ ಕೈಯಲ್ಲೇ ಇರುತ್ತಿತ್ತು. ಉಪ್ಪು, ಎಣ್ಣೆ, ಬಳೆ, ಮಗುವಿನ ಔಷಧಿ, ತವರಿಗೆ ಹೋಗುವ ಖರ್ಚು ಅದರಿಂದ ನಡೆಯುತ್ತಿತ್ತು. ಮನೆಯ ಲೆಕ್ಕದಲ್ಲಿ ಎಣಿಕೆಗೆ ಬಾರದ ಈ ಹಣ ಎಷ್ಟೋ ಮನೆಗಳನ್ನು ಸಾಲಗಾರನ ಬಾಗಿಲಿನಿಂದ ದೂರ ಇಟ್ಟಿದೆ. ಗ್ರಾಮದೇವತೆಯ ಹರಕೆಗೆ ಹುಂಜ ಬೇಕಾಗುತ್ತಿದ್ದುದರಿಂದ ಜಾತ್ರೆಯ ಮುಂದೆ ಬೆಲೆ ಏರುತ್ತಿತ್ತು. 1818ರಲ್ಲಿ ಬ್ರಿಟಿಷರ ಕೈಗೆ ಬಂದ ಬೆಳಗಾವಿಯಲ್ಲಿ ದಂಡು ನೆಲೆಯೂರಿದ ಮೇಲೆ ತತ್ತಿಗೂ ಎಳೆಕೋಳಿಗೂ ಹೊಸ ಗಿರಾಕಿ ಹುಟ್ಟಿತು. ಪ್ರವಾಸಿ ಬಂಗಲೆಗೆ ಸಾಹೇಬರು ಬಂದಿಳಿದ ಮೇಲೆ ಅಂಗಳದ ಕೋಳಿ ಹಿಡಿದು ಕೊಯ್ದು ಬಡಿಸುವ ಪದ್ಧತಿ ಎಷ್ಟು ಖಾಯಂ ಆಗಿತ್ತೆಂದರೆ, ಆ ಅಡುಗೆಗೆ ಆಂಗ್ಲರು ‘ಹಠಾತ್ ಸಾವು’ ಎಂದೇ ಅಡ್ಡಹೆಸರು ಇಟ್ಟಿದ್ದರು. 1886ರ ಹಾಬ್ಸನ್–ಜಾಬ್ಸನ್ ನಿಘಂಟಿನಲ್ಲಿ ಅದು ದಾಖಲಾಗಿದೆ.

ಕಾವಿನ ಕ್ರಮ ಮಾತ್ರ ಈ ಯಾವ ಬದಲಾವಣೆಗೂ ಅಲುಗಲಿಲ್ಲ. ಜವಾರಿ ಹ್ಯಾಟಿ ಒಂದು ಸರತಿಗೆ ಹನ್ನೆರಡರಿಂದ ಹದಿನೈದು ತತ್ತಿ ಇಟ್ಟು ನಿಲ್ಲಿಸುತ್ತದೆ. ವರ್ಷಕ್ಕೆ ಇಂಥ ಮೂರು ನಾಲ್ಕು ಸರತಿ, ಒಟ್ಟು ಐವತ್ತು ಅರವತ್ತು ತತ್ತಿ. ಮೊದಲು ಇಟ್ಟವನ್ನು ಮನೆಗೆ ಬಳಸಿ ಇಲ್ಲವೆ ಮಾರಿ, ಕೊನೆಯ ವಾರದವನ್ನು ಜೋಳದ ಗಡಿಗೆಯಲ್ಲೋ ಬೂದಿಯಲ್ಲೋ ಹುಗಿದು ತಂಪಾಗಿ ಇಡುತ್ತಾರೆ. ಹತ್ತು ದಿನ ದಾಟಿದ ತತ್ತಿಯಲ್ಲಿ ಮರಿ ಏಳುವ ಸಾಧ್ಯತೆ ಇಳಿಯುತ್ತ ಹೋಗುವುದರಿಂದ ಈ ಆಯ್ಕೆ ಸರಿಯಾದದ್ದೇ. ಗೂಡು ಬಿಟ್ಟು ಏಳದೆ, ಪುಕ್ಕ ಉಬ್ಬಿಸಿ, ಕೈ ಹತ್ತಿರ ಒಯ್ದರೆ ಕುಕ್ಕುತ್ತ ಗಂಟಲಲ್ಲೇ ಗೊರಗುಟ್ಟುವ ಹ್ಯಾಟಿ ಕಾವಿಗೆ ಬಂದಿದೆ ಎಂದು ಲೆಕ್ಕ. ಅದು ನಿಜವಾಗಿ ಕೂಡುತ್ತದೋ, ಎರಡು ದಿನಕ್ಕೆ ಎದ್ದು ಹೋಗುತ್ತದೋ ಎಂದು ತಿಳಿಯಲು ಮೊದಲು ಒಂದೆರಡು ತತ್ತಿ ಮಾತ್ರ ಇಟ್ಟು ನೋಡುತ್ತಾರೆ. ಕಾವು ಬೇಡವಾದ ಕಾಲದಲ್ಲಿ ಅದೇ ಹ್ಯಾಟಿಯನ್ನು ತಣ್ಣೀರಿನಲ್ಲಿ ಅದ್ದಿ, ಬೆಳಕಿನಲ್ಲಿ ಕಟ್ಟಿ ಹಾಕಿ ಕಾವು ಬಿಡಿಸುವುದೂ ಉಂಟು.

ಕೂಡಿಸುವ ಜಾಗ ಕತ್ತಲಾಗಿರಬೇಕು, ನೆಲ ಹಸಿ ಇರಬಾರದು, ಇರುವೆ ಹಾಯಬಾರದು. ಬಿದಿರಿನ ಬುಟ್ಟಿಯ ತಳಕ್ಕೆ ಬೂದಿ ಹಾಕುತ್ತಾರೆ, ಅದು ಹೇನಿಗೆ ಮದ್ದು. ಮೇಲೆ ಮೆತ್ತನೆಯ ಹುಲ್ಲು, ಕೆಲವೊಮ್ಮೆ ಬೇವಿನೆಲೆ. ತತ್ತಿಗಳು ಒಂಬತ್ತು, ಹನ್ನೊಂದು ಅಥವಾ ಹದಿಮೂರು, ಬೆಸ ಸಂಖ್ಯೆಯೇ ಆಗಬೇಕೆಂಬುದು ರೂಢಿ. ಗುಡುಗಿಗೆ ತತ್ತಿ ಕೆಡುತ್ತವೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣ ಮೆಣಸಿನಕಾಯಿ ಇಡುವ ಪದ್ಧತಿ ಕರ್ನಾಟಕದ ಆಚೆಗೂ ಭಾರತದ ಹಲವೆಡೆ ಇದೆ. ಚೂಪು ತತ್ತಿಯಲ್ಲಿ ಹುಂಜ, ಗುಂಡು ತತ್ತಿಯಲ್ಲಿ ಹ್ಯಾಟಿ ಎಂಬ ನಂಬಿಕೆಯೂ ಹಳೆಯದು. ಮರಿಯ ಲಿಂಗ ತಾಯಿಯ ವರ್ಣತಂತುವಿನಿಂದ ತೀರ್ಮಾನವಾಗುತ್ತದೆಯೇ ಹೊರತು ತತ್ತಿಯ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ತೀರ ಚೂಪಾದ, ತೀರ ದೊಡ್ಡದಾದ ತತ್ತಿಗಳನ್ನು ಬದಿಗಿಟ್ಟು ನಡುಗಾತ್ರದವನ್ನೇ ಆರಿಸುವ ಹೆಂಗಸರ ಅಭ್ಯಾಸಕ್ಕೆ ಇಂದಿನ ಹ್ಯಾಚರಿಗಳೂ ಒಪ್ಪುತ್ತವೆ.

ಇಪ್ಪತ್ತೊಂದು ದಿನ ಹ್ಯಾಟಿ ತಪಸ್ಸಿಗೆ ಕೂತಂತೆ ಕೂಡುತ್ತದೆ. ದಿನಕ್ಕೊಮ್ಮೆ ಎದ್ದು, ಕಾಲು ಗಂಟೆ ಇಪ್ಪತ್ತು ನಿಮಿಷದಲ್ಲಿ ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಿ ಬರುತ್ತದೆ. ಎದೆಯ ಕೆಳಗಿನ ಪುಕ್ಕ ಉದುರಿ ಬರಿಮೈ ತತ್ತಿಗೆ ತಾಗುತ್ತದೆ. ಕೊಕ್ಕಿನಿಂದ ತತ್ತಿಗಳನ್ನು ದಿನಕ್ಕೆ ಎಷ್ಟೋ ಸಲ ಹೊರಳಿಸುತ್ತದೆ, ಅಂಚಿನವನ್ನು ನಡುವಿಗೆ ತರುತ್ತದೆ. ಹೀಗೆ ಹೊರಳಿಸದಿದ್ದರೆ ಒಳಗಿನ ಪಿಂಡ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ವಾರ ಕಳೆದ ಮೇಲೆ ಕತ್ತಲ ಕೋಣೆಯಲ್ಲಿ ತತ್ತಿಯನ್ನು ದೀಪಕ್ಕೆ ಹಿಡಿದು, ಕೆಂಪು ನರಗಳು ಕಂಡವನ್ನು ಉಳಿಸಿ ಬರಿದಾದವನ್ನು ತೆಗೆಯುತ್ತಾರೆ. ಕೊನೆಯ ದಿನಗಳಲ್ಲಿ ಉಗುರುಬೆಚ್ಚನೆಯ ನೀರಿನಲ್ಲಿ ಬಿಟ್ಟು ನೋಡುವ ಪರೀಕ್ಷೆಯೂ ಇದೆ. ಜೀವವಿದ್ದ ತತ್ತಿ ತೇಲುತ್ತ ತಾನಾಗಿ ಅಲುಗುತ್ತದೆ.

ಹೊರಬರುವ ಹಿಂದಿನ ದಿನವೇ ಮರಿ ಚಿಪ್ಪಿನೊಳಗಿಂದ ಕೀಚುಗುಟ್ಟುತ್ತದೆ, ಹ್ಯಾಟಿ ಮೆಲ್ಲನೆ ಉತ್ತರಿಸುತ್ತದೆ. ಎಲ್ಲ ಮರಿಗಳೂ ಒಂದೇ ಗಳಿಗೆಗೆ ಒಡೆದು ಬರುವುದಿಲ್ಲ. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ದಿನ, ಒಂದೂವರೆ ದಿನದ ಅಂತರ ಬೀಳಬಹುದು. ಅಲ್ಲಿಯವರೆಗೆ ಹ್ಯಾಟಿ ಏಳುವಂತಿಲ್ಲ, ಮೊದಲು ಹುಟ್ಟಿದ ಮರಿ ಹಸಿಯುವಂತೆಯೂ ಇಲ್ಲ. ಅದಕ್ಕಾಗಿಯೇ ಹುಟ್ಟುವ ಮುನ್ನ ಮರಿ ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಅದರ ಬಲದ ಮೇಲೆ ಎರಡು ಮೂರು ದಿನ ಏನೂ ತಿನ್ನದೆ ಇರಬಲ್ಲದು. ತಡವಾಗಿ ಬರುವ ತಮ್ಮ ತಂಗಿಯರಿಗಾಗಿ ಏರ್ಪಟ್ಟ ಈ ಬುತ್ತಿಯೇ ಮುಂದೆ ಇಡೀ ಕೋಳಿ ಉದ್ಯಮಕ್ಕೆ ಬುನಾದಿಯಾಯಿತು. ಒಂದು ದಿನದ ಮರಿಯನ್ನು ನೀರು ಮೇವಿಲ್ಲದೆ ಪೆಟ್ಟಿಗೆಯಲ್ಲಿ ಸಾಗಿಸಬಹುದೆಂದು ವ್ಯಾಪಾರಿಗಳು ಕಂಡುಕೊಂಡರು, 1918ರಲ್ಲಿ ಅಮೆರಿಕದ ಅಂಚೆ ಇಲಾಖೆ ಅಂಥ ಪೆಟ್ಟಿಗೆಗಳನ್ನು ಪಾರ್ಸಲ್ಲಾಗಿ ಒಪ್ಪಿಕೊಂಡಿತು.

ಹಿತ್ತಲಿನಲ್ಲಿ ಮೊದಲ ವಾರವೇ ಅತ್ಯಂತ ನಾಜೂಕು. ಮರಿಗೆ ತನ್ನ ಮೈಶಾಖವನ್ನು ಕಾಯ್ದುಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಸುತ್ತ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಬೇಕು. ಹ್ಯಾಟಿ ಸ್ವಲ್ಪ ಹೊತ್ತು ಮೇಯಿಸಿ, ಮರಿಗಳು ನಡುಗತೊಡಗಿದ ಕೂಡಲೇ ಕುಳಿತು ರೆಕ್ಕೆ ಸಡಿಲಿಸುತ್ತದೆ. ಮನೆಯವರು ಜೋಳದ ನುಚ್ಚನ್ನೋ ಅಕ್ಕಿನುಚ್ಚನ್ನೋ ನೆನೆಸಿ ಹಾಕುತ್ತಾರೆ, ನೀರಿಗೆ ತೆಂಗಿನ ಪರಟಿ ಅಥವಾ ಒಡೆದ ಗಡಿಗೆಯ ಬೋಕಿ ಇಡುತ್ತಾರೆ. ಆಳದ ಪಾತ್ರೆಯಾದರೆ ಮರಿ ಮುಳುಗಿ ಸಾಯುತ್ತದೆ. ನುಚ್ಚಿನಲ್ಲಿ ಹಿಟ್ಟಿನಂಶವಿದೆ, ಮಾಂಸಾಂಶ ಸಾಲದು. ಅದನ್ನು ತುಂಬಿಕೊಡುವುದು ತಿಪ್ಪಿ. ಕೊಳೆತ ಸಗಣಿ ಗೊಬ್ಬರವನ್ನು ಹ್ಯಾಟಿ ಕಾಲಿನಿಂದ ಕೆದರಿ ಹುಳ ಹೊರಹಾಕಿದರೆ ಮರಿಗಳು ಮುಗಿಬೀಳುತ್ತವೆ. ಹಳೆಯ ಗಡಿಗೆಗೆ ಸಗಣಿ, ಜೋಳದ ಕಣಕಿಯ ಚೂರು ತುಂಬಿ ಒರಲಿ ಇರುವ ನೆಲದ ಮೇಲೆ ಡಬ್ಬ ಹಾಕಿ, ಮರುದಿನ ತುಂಬಿಕೊಂಡ ಒರಲಿಯನ್ನು ಮರಿಗಳ ಮುಂದೆ ಕೊಡಹುವುದು ಒಣಭೂಮಿಯ ಜಾಣತನ. ಎಂಟು ದಿನದ ಮರಿಗೆ ಇದಕ್ಕಿಂತ ಒಳ್ಳೆಯ ಆಹಾರ ಪೇಟೆಯ ಚೀಲದಲ್ಲೂ ಸಿಗುವುದು ಕಷ್ಟ.

ಕಾಲಮಾನವನ್ನೂ ಬೆಳೆಯೇ ಗೊತ್ತುಮಾಡುತ್ತಿತ್ತು. ಮಳೆಗಾಲದ ಹಸಿಯಲ್ಲಿ ಮರಿ ಮುದುಡಿ ಸಾಯುತ್ತವೆ, ಸುಡು ಬೇಸಿಗೆಯಲ್ಲಿ ತತ್ತಿ ಕೆಡುತ್ತವೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ತಂಪಿನ ದಿನಗಳು ಕಾವಿಗೆ ಹದ. ಹೊತ್ತಿಗೆ ಸರಿಯಾಗಿ ಹಿಂಗಾರಿ ಜೋಳದ ರಾಶಿ ಬರುತ್ತಿತ್ತು. ಕಣದಲ್ಲಿ ಉದುರಿದ ಕಾಳು, ಹಗೇವಿನ ಬಾಯಲ್ಲಿ ಚೆಲ್ಲಿದ ಕಾಳು, ಹಂತಿಯ ದನಗಳ ಸಗಣಿಯ ಹುಳ, ಹೀಗೆ ಎರಡು ತಿಂಗಳ ಮರಿಗಳಿಗೆ ಕಾಸಿಲ್ಲದ ಸುಗ್ಗಿ. ಬೇಸಿಗೆಯ ಜಾತ್ರೆಗಳು ಬರುವಷ್ಟರಲ್ಲಿ ಮರಿಗಳು ಪಡ್ಡೆಗಳಾಗಿರುತ್ತಿದ್ದವು.

ಹ್ಯಾಟಿ ಮರಿಗಳಿಗೆ ನಿಜವಾಗಿ ಏನನ್ನಾದರೂ ಕಲಿಸುತ್ತದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನ ಗಂಭೀರವಾಗಿ ಕೈಗೆತ್ತಿಕೊಂಡದ್ದು ತಡವಾಗಿ. ಹೊಸದಾಗಿ ಹುಟ್ಟಿದ ಮರಿ ತಾನು ಮೊದಲು ಕಂಡ ಚಲಿಸುವ ವಸ್ತುವಿನ ಬೆನ್ನು ಹತ್ತುವುದನ್ನು ಡಗ್ಲಸ್ ಸ್ಪಾಲ್ಡಿಂಗ್ 1873ರಲ್ಲಿ ಬರೆದರು. ಕೊನ್ರಾಡ್ ಲೊರೆಂಜ್ 1935ರಲ್ಲಿ ಅದಕ್ಕೆ ಸಿದ್ಧಾಂತದ ರೂಪ ಕೊಟ್ಟರು. 1953ರಲ್ಲಿ ನಿಕೊಲಾಸ್ ಕೊಲಿಯಾಸ್ ಮತ್ತು ಮಾರ್ಟಿನ್ ಜೂಸ್ ಕೋಳಿಯ ಕೂಗುಗಳನ್ನು ಯಂತ್ರದಲ್ಲಿ ದಾಖಲಿಸಿ ವಿಂಗಡಿಸಿದರು. ಮರಿಗಳನ್ನು ಸೆಳೆಯುವ ಕರೆಗಳು ಚಿಕ್ಕ ಚಿಕ್ಕ, ತಗ್ಗು ದನಿಯ, ಬಿಟ್ಟು ಬಿಟ್ಟು ಬರುವ ಸದ್ದುಗಳೆಂದೂ, ಅಪಾಯದ ಕೂಗು ಬೇರೆ ಬಗೆಯದೆಂದೂ ಕಂಡಿತು. ಹದ್ದಿನ ನೆರಳು ಬಿದ್ದಾಗ ಹ್ಯಾಟಿ ಎಳೆಯುವ ನೀಳ ದನಿಗೆ ಮರಿಗಳು ಕಣಕಿಯ ಬಣವೆಯಡಿಗೆ ನುಗ್ಗುವುದನ್ನು ಕಂಡ ಯಾರಿಗಾದರೂ ಈ ವ್ಯತ್ಯಾಸ ಗೊತ್ತಿತ್ತು, ಪ್ರಯೋಗಶಾಲೆ ಅದನ್ನು ಅಳೆದುಕೊಟ್ಟಿತು.

ಇನ್ನೂ ಸೂಕ್ಷ್ಮವಾದ ಸಂಗತಿಗಳು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಿಂದ ಬಂದವು. ಮರಿಗಳು ತಿನ್ನಬಾರದ ಬಣ್ಣದ ಆಹಾರಕ್ಕೆ ಬಾಯಿ ಹಾಕುತ್ತಿವೆ ಎಂದು ಕಂಡಾಗ ಹ್ಯಾಟಿ ಸರಿಯಾದ ಆಹಾರವನ್ನು ಇನ್ನಷ್ಟು ಜೋರಾಗಿ ಕುಕ್ಕಿ, ಕೆದರಿ ತೋರಿಸುತ್ತದೆಂದು 1996ರ ಪ್ರಯೋಗವೊಂದು ತಿಳಿಸಿತು. ಮರಿಗಳ ಮೇಲೆ ಗಾಳಿ ಊದಿ ಸಣ್ಣ ತೊಂದರೆ ಕೊಟ್ಟಾಗ ನೋಡುತ್ತಿದ್ದ ತಾಯಿಯ ಎದೆಬಡಿತವೇ ಏರಿತೆಂದು 2011ರ ಅಧ್ಯಯನ ದಾಖಲಿಸಿತು. ಮಂದಮತಿಯ ಪ್ರಾಣಿಯೆಂದು ಬದಿಗೆ ಸರಿಸಿದ ಕೋಳಿಯ ಬಗ್ಗೆ ಇದು ದೊಡ್ಡ ಮಾತು.

ಐದಾರು ವಾರಕ್ಕೆ ಮರಿಗಳ ಮೈತುಂಬ ಪುಕ್ಕ ಬರುತ್ತದೆ. ಎರಡರಿಂದ ಮೂರು ತಿಂಗಳೊಳಗೆ ಹ್ಯಾಟಿ ಅವನ್ನು ಕುಕ್ಕಿ ಅಟ್ಟಲು ಶುರುಮಾಡುತ್ತದೆ, ಹುಂಜ ಮತ್ತೆ ಹತ್ತಿರ ಸುಳಿಯುತ್ತದೆ, ಮುಂದಿನ ಸರತಿಯ ತತ್ತಿಗಳು ಬರುತ್ತವೆ. ಹನ್ನೆರಡು ಮರಿಗಳಲ್ಲಿ ಅರ್ಧ ಅಲ್ಲಿಯವರೆಗೆ ಉಳಿದರೆ ಒಳ್ಳೆಯ ತಾಯಿ ಎಂದು ಹೆಸರು. ಹದ್ದು, ಕಾಗೆ, ಬೆಕ್ಕು, ಮುಂಗುಲಿ, ಹಾವು ತಮ್ಮ ಪಾಲು ತೆಗೆದುಕೊಂಡೇ ಇರುತ್ತಿದ್ದವು. ಬೆಕ್ಕಿನ ಮೇಲೆ ಹಾರಿ ಬಿದ್ದು ಮರಿ ಉಳಿಸಿದ ಹ್ಯಾಟಿಯನ್ನು ಯಾವ ಬೆಲೆಗೂ ಮಾರದೆ ವರ್ಷಗಟ್ಟಲೆ ಇಟ್ಟುಕೊಳ್ಳುವುದರಿಂದ, ಮರಿ ಸಾಕುವ ಗುಣವೇ ತಲೆಮಾರಿನಿಂದ ತಲೆಮಾರಿಗೆ ಆಯ್ಕೆಯಾಗುತ್ತ ಬಂತು. ಜವಾರಿ ತಳಿಯನ್ನು ಯಾವ ವಿಜ್ಞಾನಿಯೂ ರೂಪಿಸಿಲ್ಲ, ಅದನ್ನು ರೂಪಿಸಿದ್ದು ಹೆಂಗಸರ ಈ ಆಯ್ಕೆ.

ಆದರೆ ಒಂದು ಶತ್ರುವಿನ ಮುಂದೆ ತಾಯಿಯ ಧೈರ್ಯವೂ ನಡೆಯಲಿಲ್ಲ. ಬೇಸಿಗೆಯಲ್ಲಿ ಕೋಳಿಗಳಿಗೆ ಬ್ಯಾನಿ ಬಿದ್ದರೆ ಕೇರಿಗೆ ಕೇರಿಯೇ ಖಾಲಿ. ಹಸಿರು ಬೇಧಿ, ಏದುಸಿರು, ಕುತ್ತಿಗೆ ತಿರುಚಿಕೊಳ್ಳುವುದು, ಎರಡು ಮೂರು ದಿನದಲ್ಲಿ ಸಾವು. ಕನ್ನಡದಲ್ಲಿ ಕೊಕ್ಕರೆ ರೋಗವೆಂದು ಕರೆಯುವ ಈ ಬೇನೆಯನ್ನು 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಗುರುತಿಸಲಾಯಿತು. 1927–28ರ ಸುಮಾರಿಗೆ ಕುಮಾಊಂ ಬೆಟ್ಟಗಳ ರಾಣಿಖೇತದಲ್ಲಿ ಕಂಡು ಭಾರತದಲ್ಲಿ ಆ ಊರ ಹೆಸರನ್ನೇ ಪಡೆಯಿತು. ಅದೇ ಬೆಟ್ಟಸಾಲಿನ ಮುಕ್ತೇಶ್ವರದ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಲಸಿಕೆ ಸಿದ್ಧವಾಯಿತು. ಆ ಲಸಿಕೆ ಎಳೆಮರಿಗೆ ಕಟುವಾದ್ದರಿಂದ ಆರೆಂಟು ವಾರ ತುಂಬಿದ ಕೋಳಿಗೆ ಮಾತ್ರ, ಎಳೆಮರಿಗೆ ಸೌಮ್ಯವಾದ ಬೇರೆ ಲಸಿಕೆಯ ಹನಿ. ತಾಯಿ ತತ್ತಿಯ ಹಳದಿಯ ಮೂಲಕವೇ ಮರಿಗೆ ಮೊದಲ ಎರಡು ಮೂರು ವಾರದ ರಕ್ಷಣೆ ಕೊಟ್ಟಿರುತ್ತದೆ, ಆದರೆ ಅದಕ್ಕೆ ತಾಯಿಗೇ ಲಸಿಕೆ ಆಗಿರಬೇಕು ಇಲ್ಲವೆ ಬ್ಯಾನಿ ಬಂದು ಹೋಗಿರಬೇಕು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿತು. ಆದರೂ ಈ ತಾಲೂಕುಗಳ ಪೇಟೆಯ ಕಣ್ಣು ಮಿರಜ, ಸಾಂಗಲಿ, ಕೊಲ್ಲಾಪುರ, ಪುಣೆಯ ಕಡೆಗೇ ಉಳಿಯಿತು, ಹೊಸ ಕೋಳಿ ಬಂದದ್ದೂ ಹೆಚ್ಚಾಗಿ ಆ ದಿಕ್ಕಿನಿಂದಲೇ. ಬಿಳಿ ಲೆಗ್‌ಹಾರ್ನ್ ಹ್ಯಾಟಿ ಜವಾರಿಗಿಂತ ನಾಲ್ಕೈದು ಪಟ್ಟು ತತ್ತಿ ಇಡುತ್ತಿತ್ತು. ಕಾವಿಗೆ ಕೂಡುವ ಗುಣವನ್ನೇ ಅದರಿಂದ ಆಯ್ಕೆಯ ಮೂಲಕ ತೆಗೆದುಹಾಕಿದ್ದು ಅದಕ್ಕೆ ಮುಖ್ಯ ಕಾರಣ. ಕಾವಿನಲ್ಲಿ ಮೂರು ವಾರ, ಮರಿಗಳೊಂದಿಗೆ ಎರಡು ಮೂರು ತಿಂಗಳು ಕಳೆಯುವ ಹ್ಯಾಟಿ ಅಷ್ಟು ದಿನ ತತ್ತಿ ಇಡುವುದಿಲ್ಲ. ತಾಯ್ತನ ಬಿಟ್ಟುಕೊಟ್ಟಷ್ಟೂ ತತ್ತಿ ಹೆಚ್ಚು, ಇದೇ ಆಧುನಿಕ ಉದ್ಯಮದ ಲೆಕ್ಕ. 1971ರಲ್ಲಿ ಬಿ.ವಿ. ರಾವ್ ಪುಣೆಯ ವೆಂಕಟೇಶ್ವರ ಹ್ಯಾಚರೀಸ್ ಆರಂಭಿಸಿದರು. 1982ರಲ್ಲಿ ತತ್ತಿಯ ಬೆಲೆ ಗೊತ್ತುಮಾಡುವ ರಾಷ್ಟ್ರೀಯ ಸಮನ್ವಯ ಸಮಿತಿಯೂ ಅವರ ನೇತೃತ್ವದಲ್ಲೇ ಹುಟ್ಟಿತು. ಹಳ್ಳಿಯ ಕಿರಾಣಿ ಅಂಗಡಿಗೆ ಟ್ರೇ ತುಂಬ ಬಿಳಿ ತತ್ತಿ ಬಂದ ಮೇಲೆ ಹಿತ್ತಲ ತತ್ತಿ ಮಾರಾಟದ ಸರಕಾಗಿ ಹಿಂದೆ ಸರಿದು, ಹೆಚ್ಚಿನಂಶ ಮರಿಗಾಗಿಯೇ ಉಳಿಯಿತು.

ಬಿಳಿ ಕೋಳಿ ಹಿತ್ತಲಿಗೆ ಒಗ್ಗಲಿಲ್ಲ. ಬಣ್ಣ ದೂರಕ್ಕೆ ಹೊಡೆಯುತ್ತದೆ, ಓಡಲು ಬಾರದು, ಹದ್ದಿಗೆ ಸುಲಭದ ತುತ್ತು. ಈ ಕೊರತೆ ನೀಗಿಸಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರ ದಶಕದ ಕೊನೆಯಲ್ಲಿ ಗಿರಿರಾಜವನ್ನು ಹೊರತಂದಿತು. ಬಣ್ಣಬಣ್ಣದ ಪುಕ್ಕ, ಭಾರವಾದ ಮೈ, ಹಿತ್ತಲಿನ ಕಸಕಡ್ಡಿ ತಿಂದು ಬೆಳೆಯುವ ಗುಣ ಇದ್ದುದರಿಂದ ಅದು ಬೇಗ ಮನೆಮಾತಾಯಿತು. 2005ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಹೆಚ್ಚು ತತ್ತಿಯಿಡುವ ಸ್ವರ್ಣಧಾರೆಯನ್ನು ಬಿಡುಗಡೆ ಮಾಡಿತು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ಕೂಡ ಇದೇ ಉದ್ದೇಶದವು. ಇವುಗಳಲ್ಲಿ ಒಂದು ಕೊರತೆ ಉಳಿದೇ ಹೋಯಿತು. ಇವು ಕಾವಿಗೆ ಕೂಡುವುದು ತೀರ ಅಪರೂಪ, ಕೂಡಿದರೂ ಮಿಶ್ರತಳಿಯ ಮುಂದಿನ ಪೀಳಿಗೆಯಲ್ಲಿ ಮೊದಲಿನ ಗುಣ ಉಳಿಯುವುದಿಲ್ಲ. ಪ್ರತಿ ಸಲವೂ ಮರಿಯನ್ನು ಹ್ಯಾಚರಿಯಿಂದಲೇ ತರಬೇಕು. ತಂದ ಮರಿಗೆ ತಾಯಿಯಿಲ್ಲ, ನಾಲ್ಕು ವಾರ ಬಲ್ಬಿನ ಶಾಖ ಬೇಕು, ಇರುಳು ಕರೆಂಟು ಹೋದರೆ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಬಡ ಕುಟುಂಬಗಳಿಗೆ ಮರಿ ಹಂಚುವ ಸರ್ಕಾರಿ ಯೋಜನೆಗಳು ಒಂದು ದಿನದ ಮರಿಯನ್ನು ಬಿಟ್ಟು, ನಾಲ್ಕೈದು ವಾರ ಬೆಳೆಸಿದ ಮರಿಯನ್ನು ಕೊಡುವ ಕ್ರಮಕ್ಕೆ ಬಂದವು. ಹಾಗೆ ಬೆಳೆಸಿಕೊಡುವ ಕೇಂದ್ರಗಳಿಗೆ ಇಲಾಖೆಯ ಕಾಗದಗಳಲ್ಲಿ ‘ಮದರ್ ಯೂನಿಟ್’ ಎಂದೇ ಹೆಸರು.

ಇತ್ತ ಹಿತ್ತಲೂ ಬದಲಾಗುತ್ತಿತ್ತು. 1939ರಲ್ಲಿ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. 1977ರಲ್ಲಿ ಘಟಪ್ರಭೆಗೆ ಹಿಡಕಲ್ ಜಲಾಶಯ ಪೂರ್ಣಗೊಂಡು ಕಾಲುವೆಯ ನೀರು ಹರಡಿದಂತೆ ಜೋಳದ ಹೊಲಗಳು ಕಬ್ಬಿಗೆ ತಿರುಗಿದವು. ಜೋಳ ಹೋದರೆ ಕಣ ಹೋಯಿತು, ಹಗೇವು ಮುಚ್ಚಿತು, ಉದುರು ಕಾಳು ನಿಂತಿತು. ಕಬ್ಬಿನ ರವದಿಯಲ್ಲಿ ಕೋಳಿಗೆ ತಿನ್ನಲು ಹುಳ ಸಿಕ್ಕೀತು, ಕಾಳು ಸಿಗದು. ದಟ್ಟ ಗದ್ದೆ ಮುಂಗುಲಿಗೂ ಕಾಡುಬೆಕ್ಕಿಗೂ ನರಿಗೂ ಮನೆಯಾಯಿತು. ಕಳೆನಾಶಕ, ಕೀಟನಾಶಕ ಹೊಡೆದ ಹೊಲಕ್ಕೆ ಕೋಳಿ ಹೋದರೆ ಸಾಯುವ ಭಯ. ಮನೆ ಸಿಮೆಂಟಿನದಾಯಿತು, ಎತ್ತಿನ ಬದಲು ಟ್ರ್ಯಾಕ್ಟರ್ ಬಂದು ತಿಪ್ಪಿ ಕುಗ್ಗಿತು. ನಿಪ್ಪಾಣಿ ಸುತ್ತಿನಲ್ಲಿ ಬೀಡಿ ಕಟ್ಟುವ ಕೂಲಿ ಹೆಂಗಸರ ಕೈಗೆ ಇನ್ನೊಂದು ಬಗೆಯ ಪುಡಿಕಾಸು ತಂದಿತು, ದಿನವಿಡೀ ಎಲೆ ಕತ್ತರಿಸುವವರಿಗೆ ಮರಿ ಕಾಯಲು ಬಿಡುವೂ ಇರಲಿಲ್ಲ. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಂಡಾಗ ಆ ಸುತ್ತಿನ ಕೋಳಿಗಳನ್ನು ಸಾಮೂಹಿಕವಾಗಿ ಕೊಲ್ಲಲಾಯಿತು, ಕೋಳಿಪೇಟೆ ಎಲ್ಲೆಡೆ ಕುಸಿಯಿತು.

ಹಿತ್ತಲ ಕೋಳಿ ಇಲ್ಲಿಗೆ ಮುಗಿಯಿತೆಂದು ಯಾರಾದರೂ ಬರೆದಿದ್ದರೆ ಅದು ತಪ್ಪಾಗುತ್ತಿತ್ತು. 2019ರ ಜಾನುವಾರು ಗಣತಿಯಲ್ಲಿ ದೇಶದ ಹಿತ್ತಲ ಕೋಳಿಗಳ ಸಂಖ್ಯೆ 31.7 ಕೋಟಿ ಆಯಿತು, ಹಿಂದಿನ ಗಣತಿಗಿಂತ ಶೇ. 45.8 ಹೆಚ್ಚು. ಜವಾರಿ ಮಾಂಸಕ್ಕೂ ಜವಾರಿ ತತ್ತಿಗೂ ಫಾರಂ ಸರಕಿಗಿಂತ ಬಹಳ ಹೆಚ್ಚಿನ ಬೆಲೆ ಬಂದದ್ದು ಇದಕ್ಕೆ ದೊಡ್ಡ ಕಾರಣ. ಆ ಬೆಲೆಯ ಆಸೆ ಮೋಸಕ್ಕೂ ದಾರಿಯಾಯಿತು. ಕರಿ ಮಾಂಸದ ಕಡಕನಾಥ ಕೋಳಿ ಸಾಕಿಸಿ ತಾವೇ ಕೊಳ್ಳುತ್ತೇವೆಂದು ಹಣ ಕಟ್ಟಿಸಿಕೊಂಡ ಕಂಪನಿಯೊಂದರ ವ್ಯವಹಾರ 2019ರಲ್ಲಿ ಸಾಂಗಲಿ ಜಿಲ್ಲೆಯ ಇಸ್ಲಾಂಪುರದಲ್ಲಿ ಕುಸಿದು ಸಾವಿರಾರು ರೈತರು ಹಣ ಕಳೆದುಕೊಂಡರು. ಹ್ಯಾಟಿ ಕೂಡಿಸಿ ಹತ್ತು ಮರಿ ಮಾಡುವ ಮನೆಗಳಿಗೆ ಅಂಥ ಏಟು ಬೀಳುವುದಿಲ್ಲ, ಅಲ್ಲಿ ಮುಳುಗುವಷ್ಟು ಬಂಡವಾಳವೇ ಇಲ್ಲ.

ಈಗಿನ ಹಿತ್ತಲಲ್ಲಿ ಹಳತು ಹೊಸತು ಬೆರೆತಿದೆ. ಜವಾರಿ ಹ್ಯಾಟಿಯ ಕೆಳಗೆ ಗಿರಿರಾಜದ ತತ್ತಿ, ಬಾತುಕೋಳಿಯ ತತ್ತಿ ಇಟ್ಟು ಮರಿ ಮಾಡಿಸುವುದು ಸಾಮಾನ್ಯ. ಬಾತಿಗೆ ಇಪ್ಪತ್ತೆಂಟು ದಿನ ಬೇಕು, ಹ್ಯಾಟಿ ಆ ಹೆಚ್ಚಿನ ವಾರವನ್ನೂ ಕೂತೇ ಕಳೆಯುತ್ತದೆ. ತತ್ತಿಯ ತಳಿಯ ಹ್ಯಾಚರಿಗಳು ಬೇಡವೆಂದು ಹೊರಹಾಕಿದ ಗಂಡುಮರಿಗಳಿಗೆ ಗುಲಾಬಿ, ಹಸಿರು ಬಣ್ಣ ಹಚ್ಚಿ ಸಂತೆಯಲ್ಲಿ ಮಾರುವವರಿಂದ ಮಕ್ಕಳು ತಂದ ಮರಿಗಳನ್ನೂ ಕಾವಿನ ಹ್ಯಾಟಿಯೇ ಉಳಿಸುತ್ತದೆ. ಕೂಡಿಸುವ ರೀತಿ ಇದು: ಹೊತ್ತು ಮುಳುಗಿ ಕತ್ತಲಾದ ಮೇಲೆ, ಮರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಹ್ಯಾಟಿಯ ಹಿಂಬದಿಯಿಂದ ರೆಕ್ಕೆಯಡಿಗೆ ಜಾರಿಸಬೇಕು, ಒಂದು ತತ್ತಿಯನ್ನು ಅದೇ ಕೈಯಲ್ಲಿ ಹೊರತೆಗೆಯಬೇಕು. ಹ್ಯಾಟಿ ಒಮ್ಮೆ ಗೊರಗುಟ್ಟಿ ಮೈ ತಗ್ಗಿಸಿದರೆ ಕೆಲಸ ಆದಂತೆ. ಬೆಳಗ್ಗೆ ಅದು ಎಲ್ಲವನ್ನೂ ತನ್ನವೆಂದೇ ಕರೆದುಕೊಂಡು ಹೊರಡುತ್ತದೆ. ಮರಿ ಹುಟ್ಟಿ ಎರಡು ಮೂರು ದಿನದ ಒಳಗೇ ಇದಾಗಬೇಕು. ತಡವಾದರೆ ಮರಿಗೆ ತಾಯಿಯ ಬೆನ್ನು ಹತ್ತುವ ಬುದ್ಧಿ ಹುಟ್ಟುವುದಿಲ್ಲ, ಹಗಲಿನಲ್ಲಿ ಬಿಟ್ಟರೆ ಹ್ಯಾಟಿ ಬಣ್ಣ ನೋಡಿ ಕುಕ್ಕಿ ಕೊಲ್ಲಲೂಬಹುದು.

ಹೀಗೆ ಕಾವು, ಶಾಖ, ಕಾವಲು, ಕಲಿಕೆ ಎಲ್ಲವೂ ಮತ್ತೆ ಹ್ಯಾಟಿಯ ಕೈಗೆ ಬಂದರೂ ಕೊಕ್ಕರೆ ರೋಗದ ತೊಡಕು ಬಗೆಹರಿದಿಲ್ಲ. ಲಸಿಕೆ ಅಗ್ಗ, ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ. ಆದರೆ ಬಾಟಲಿಯೊಂದರಲ್ಲಿ ನೂರು ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗಾಗುವ ಔಷಧಿ ಇರುತ್ತದೆ, ಬರ್ಫಿನಲ್ಲಿ ತರಬೇಕು, ನೀರಿಗೆ ಕಲಸಿದ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಹ್ಯಾಟಿ, ಒಂಬತ್ತು ಮರಿ ಇರುವ ಮನೆಗೆ ಅದು ಒದಗುವುದಿಲ್ಲ. ಆಸ್ಟ್ರೇಲಿಯಾದ ಪೀಟರ್ ಸ್ಪ್ರಾಡ್‌ಬ್ರೋ ಅವರ ತಂಡ ಬಿಸಿ ತಾಳುವ ಐ–2 ಎಂಬ ಲಸಿಕೆಯನ್ನು ರೂಪಿಸಿ ಆಫ್ರಿಕಾದ ಹಳ್ಳಿಗಳಿಗೆ ಒದಗಿಸಿದ್ದು ಈ ಕಷ್ಟಕ್ಕಾಗಿಯೇ. ಅಲ್ಲಿ ತರಬೇತಿ ಪಡೆದ ಹಳ್ಳಿಯವರೇ ಗೊತ್ತಾದ ದಿನ ಮನೆ ಮನೆಗೆ ಹೋಗಿ ಕೋಳಿಯ ಕಣ್ಣಿಗೆ ಒಂದೊಂದು ಹನಿ ಬಿಡುತ್ತಾರೆ, ನಾಲ್ಕು ತಿಂಗಳಿಗೊಮ್ಮೆ ಮತ್ತೆ ಹಾಕುತ್ತಾರೆ. ಚಿಕ್ಕೋಡಿ ಸೀಮೆಯಲ್ಲಿ ಸದ್ಯಕ್ಕಿರುವ ದಾರಿಯೂ ಅದೇ ಬಗೆಯದು: ಮಾಘ ಮುಗಿದು ಬಿಸಿಲೇರುವ ಮುನ್ನ, ಕೇರಿಯ ಎಲ್ಲ ಮನೆಯವರು ಮಾತಾಡಿಕೊಂಡು, ಕೋಳಿಗಳನ್ನು ಬೆಳಗ್ಗೆ ಹೊರಗೆ ಬಿಡದೆ ಬುಟ್ಟಿಯಡಿಯಲ್ಲೇ ಇಟ್ಟುಕೊಂಡು, ಪಶು ಆಸ್ಪತ್ರೆಯ ಸಿಬ್ಬಂದಿಯನ್ನು ಒಂದೇ ದಿನಕ್ಕೆ ಕರೆಸಿ ಬಾಟಲಿ ಒಡೆಸುವುದು.